ದನದ ಪುಸ್ತಕದಲ್ಲಿ ಪ್ರತಿಭಾಳ ಹೆಸರು

ಅವರಿಬ್ಬರ ಕಣ್ಣು ಮೊದಲ ಸಲ ಕಲೆತ ಆ ಗಳಿಗೆಯಲ್ಲಿ, ಬೆಂಗಳೂರಿನಿಂದ ಮಂಗಳೂರಿನವರೆಗೆ ಹೈವೇಯಲ್ಲಿ ಒಂದೇ ಒಂದು ಗಾಡಿ ಕದಲಲಿಲ್ಲ! ಹಿರೀಸಾವೆಯ ಹೋಟೆಲುಗಳಲ್ಲಿ ಕಾವಲಿಯ ಮೇಲಿದ್ದ ದೋಸೆಗಳು ತಾವೇ ಮಗುಚಿಕೊಂಡವು! ಒಂದೊಂದಾಗಿ ಎಣಿಸಿದ್ದೇನೆ... ನಾನೂರ ಹನ್ನೆರಡು!

ಕಣ್ಣು ಕಲೆತದ್ದು ಕೊಟ್ಟಿಗೆಯಲ್ಲಿ. ಡೈರಿಯ ಕಡೆಯಿಂದ ಹಸುಗಳಿಗೆ ಗಬ್ಬದ ಸೂಜಿ ಹಾಕಲು ಬಂದವನು ಸಿದ್ದೇಶ್ವರ. ಪ್ರತಿಭಾ ಆ ಮನೆಯ ಮಗಳು.

ಹಸು ಒದ್ದಿತು. ಅವನು ಹೋಗಿ ಗಂಜಲದಲ್ಲಿ ಕೂತ. ಅವಳು ಬಿದ್ದು ಬಿದ್ದು ನಕ್ಕಳು... ನಗುತ್ತಿದ್ದವಳು ಇದ್ದಕ್ಕಿದ್ದಂತೆ ಕಿಬ್ಬೊಟ್ಟೆ ಹಿಡಿದು ಕಂಬಕ್ಕೆ ಒರಗಿದಳು.

"ಏನ್ರೀ, ನೋವಾ?"

"ನೀವು ದನದ ಡಾಕ್ಟ್ರು. ದನ ನೋಡ್ಕಳಿ ಸಾ!"

ಅಷ್ಟೇ. ಮೂರು ತಿಂಗಳಿಗೆ ಮದುವೆ. ಅವಳು ಕೊಣನೂರಿನ ಸೊಸೆಯಾದಳು.

ಎರಡನೇ ವರ್ಷ ಬಸಿರು ನಿಂತಿತು. ಮೂರನೇ ತಿಂಗಳಿಗೇ ಹೋಯಿತು. ಆಮೇಲೆ ಮತ್ತೆ ನಿಲ್ಲಲೇ ಇಲ್ಲ. ತಿಂಗಳು ತಿಂಗಳೂ ತಪ್ಪದೆ ಬಂದದ್ದು ಮುಟ್ಟು, ಅದರ ಜೊತೆಗೆ ಬೆನ್ನು ಮುರಿಯುವ ನೋವು.

ಅತ್ತೆ ಪುಟ್ಟತಾಯಮ್ಮ ಕೆಟ್ಟವರಲ್ಲ. ಅವಳು ಹೊರಗಾದ ದಿನ ಒಂದು ಮಾತೂ ಆಡುತ್ತಿರಲಿಲ್ಲ. ಸುಮ್ಮನೆ ನಿಟ್ಟುಸಿರು ಬಿಡುತ್ತಿದ್ದರು. ಆ ಉಸಿರಿಗೆ ಮೂರು ಕೇರಿಯ ದೀಪಗಳು ಆರಿಹೋಗುತ್ತಿದ್ದವು!

ಪ್ರತಿಭಾ ಹಲ್ಲು ಕಚ್ಚಿಕೊಂಡು ನೋವು ನುಂಗುತ್ತಿದ್ದಳು. ಆ ಸದ್ದು ರಾಮನಾಥಪುರದವರೆಗೂ ಕೇಳುತ್ತಿತ್ತು. ಪಕ್ಕದಲ್ಲೇ ಮಲಗಿದ ಗಂಡನಿಗೆ ಮಾತ್ರ ಅದರ ಅರ್ಧವೂ ಕೇಳಿಸುತ್ತಿಲ್ಲ ಎಂದು ಅವಳು ನಂಬಿದ್ದಳು.

ಒಂದು ಭಾನುವಾರ ಅವನ ಅಂಗಿ ಒಗೆಯಲು ತೆಗೆದಾಗ ಜೇಬಿನಿಂದ ದನದ ಪುಸ್ತಕ ಬಿತ್ತು. ಯಾರ ಹಸು ಯಾವತ್ತು ಬೆದೆಗೆ ಬಂತು, ಸೂಜಿ ಯಾವತ್ತು, ಗಬ್ಬ ನಿಂತಿತೋ ಇಲ್ಲವೋ ಎಂದು ಅವನು ಬರೆದಿಡುವ ಪುಸ್ತಕ ಅದು. ಮೊದಲ ಹಾಳೆಯಲ್ಲೇ ಯಾರ್‍ಯಾರ ಪುಟ ಎಲ್ಲಿದೆ ಎಂಬ ಪಟ್ಟಿ.

ದ್ಯಾವಯ್ಯನ ಕಪ್ಪು ಹಸು.

ಗಂಗಾಧರಯ್ಯನವರ ಜರ್ಸಿ.

ಪ್ರತಿಭಾ.

ಅವಳು ತನ್ನ ಪುಟಕ್ಕೆ ತಿರುವಿದಳು. ತನ್ನ ಮುಟ್ಟಿನ ತಾರೀಖುಗಳು! ಕೆಂಪು ಶಾಯಿಯಲ್ಲಿ, ಸಾಲಾಗಿ, ಒಂದೂವರೆ ವರ್ಷದ್ದು...

ಮುಂದೆ ಓದಲು ಕಣ್ಣೀರು ಬಿಡಲಿಲ್ಲ.

"ನಾನೇನು ನಿಮ್ ಕೊಟ್ಟಿಗೆ ದನವಾ?" ಪುಸ್ತಕ ಅವನ ಎದೆಗೆ ಬಡಿದು ಕೆಳಗೆ ಬಿತ್ತು.

"ಅಂಗಲ್ಲ ಕಣೇ... ನಂಗೆ ಬರೆಯೋಕ್ ಬರೋದು ಇದೊಂದೇ ತರ..."

"ಗಬ್ಬ ನಿಲ್ಲದ ಹಸೂನ ಸಂತೇಗ್ ಹೊಡಿತಾರಲ್ಲ, ನನ್ನ ಯಾವಾಗ ಹೊಡಿತೀರಿ?"

ಸಿದ್ದೇಶ್ವರ ಬಗ್ಗಿ ಪುಸ್ತಕ ಎತ್ತಿ, ಧೂಳು ಒರೆಸಿ, ಜೇಬಿಗಿಟ್ಟುಕೊಂಡ. ಅದನ್ನೇ ಅವಳು ಉತ್ತರ ಅಂದುಕೊಂಡಳು.

ಅವತ್ತೇ ತವರೂರು ಹಿರೀಸಾವೆಗೆ ಬಸ್ಸು ಹತ್ತಿದಳು.

'ನನ್ನ ಬಸಿರಿಗಾಗಿ ಮಾತ್ರ ನಾನು ಬೇಕಿದ್ದೆ... ನಾನು ಬೇಕಿರಲಿಲ್ಲ...'

ತವರಿನಲ್ಲಿ ಎರಡು ತಿಂಗಳು ಇದೇ ಮಾತು ಅವಳ ಜೊತೆ ಎದ್ದು, ಅವಳ ಜೊತೆಯೇ ಮಲಗಿತು. ಅವನ ಫೋನು ಬಂದರೆ ಕಟ್ ಮಾಡಿದಳು. ಮೂರನೇ ತಿಂಗಳು ನಲ್ಲಿಯ ಹತ್ತಿರ ಬಿಂದಿಗೆ ಎತ್ತಲು ಬಗ್ಗಿದವಳು ಮೇಲೇಳಲೇ ಇಲ್ಲ. ಅತ್ತಿಗೆ ರಂಜಿತಾ ಅವಳನ್ನು ಕಾರಿಗೆ ಹಾಕಿಕೊಂಡು ಹಾಸನದ ಲೇಡಿ ಡಾಕ್ಟರ ಬಳಿಗೆ ಓಡಿದಳು.

"ಆರು ತಿಂಗಳಿಂದ ಯಾವ್ಯಾವ ತಾರೀಖಿಗೆ ಆಗಿದೆಯಮ್ಮಾ? ಎಷ್ಟು ದಿನ ಇರುತ್ತೆ? ನೋವು ಮೊದಲೇ ಶುರುವಾಗುತ್ತಾ, ಆಮೇಲಾ?"

ಪ್ರತಿಭಾ ಅತ್ತಿಗೆಯ ಮುಖ ನೋಡಿದಳು. ಅತ್ತಿಗೆ ನೆಲ ನೋಡಿದಳು.

"ಗೊತ್ತಿಲ್ಲ ಮೇಡಂ... ಬರ್ದಿಟ್ಟಿಲ್ಲ."

"ಬರ್ದಿದೆ ಮೇಡಂ."

ಬಾಗಿಲಲ್ಲಿ ಸಿದ್ದೇಶ್ವರ! ಅತ್ತಿಗೆ ಫೋನು ಮಾಡಿದ ತಕ್ಷಣ ಕೊಣನೂರಿನಿಂದ ಬೈಕಿನಲ್ಲಿ ಬಂದಿದ್ದ. ಎಂಟೇ ನಿಮಿಷದಲ್ಲಿ! ಗಾಳಿ ಅವನ ಹಿಂದೆ ಏದುಸಿರು ಬಿಡುತ್ತಾ ಬರುತ್ತಿತ್ತು!

ಡಾಕ್ಟರು ಪುಸ್ತಕ ಬಿಡಿಸಿದರು. ಮೆಲ್ಲಗೆ ಓದತೊಡಗಿದರು.

"ಮೇ ಹದಿನಾಲ್ಕು. ಎಂಟು ದಿನ. ಎರಡನೇ ದಿನ ಗೋಡೆ ಹಿಡಿದು ನಡೆದಳು. ಅರ್ಧ ಮುದ್ದೆ, ಅದೂ ವಾಂತಿ... ಜೂನ್ ಹನ್ನೊಂದು. ನೋವು ಮೂರು ದಿನ ಮುಂಚೆಯೇ. ಕೇಳಿದರೆ ಏನೂ ಇಲ್ಲ ಅಂದಳು. ಬೆನ್ನಿಗೆ ಬಿಸಿನೀರಿನ ಬಾಟಲಿ ಇಟ್ಟೆ, ನಿದ್ದೆ ಬಂತು... ಜುಲೈ ಒಂಬತ್ತು. ನನ್ನ ಮೇಲೆ ರೇಗಿದಳು. ಕೋಪಕ್ಕಲ್ಲ, ನೋವಿಗೆ."

ಪ್ರತಿಭಾ ಬಗ್ಗಿ ನೋಡಿದಳು. ಎಲ್ಲ ಪುಟಗಳಲ್ಲೂ ಕೊನೆಗೆ 'ಗಬ್ಬ' ಎಂಬ ಕಾಲಂ ಅಚ್ಚಾಗಿತ್ತು. ತನ್ನ ಪುಟದಲ್ಲಿ ಮಾತ್ರ ಅದನ್ನು ಮೇಲಿಂದ ಕೆಳಗಿನವರೆಗೆ ಗೀಚಿ ಗೀಚಿ ಅಳಿಸಿದ್ದ. ಕಾಗದ ಹರಿಯುವಷ್ಟು.

"ಡಾಕ್ಟ್ರಿಗೆ ತೋರ್ಸಣ ಅಂದ್ರೆ ಬರ್ತಿರ್ಲಿಲ್ಲ ಮೇಡಂ," ಸಿದ್ದೇಶ್ವರ ಹೇಳಿದ. "ಅದ್ಕೇ ತವರಿಗೆ ಹೋಗೋಗಂಟ ಬರ್ದಿಟ್ಟೆ. ಯಾವತ್ತಾದ್ರೂ ಬೇಕಾಯ್ತದೆ ಅಂತ."

ಸ್ಕ್ಯಾನಿಂಗ್ ಆಯಿತು. ಗರ್ಭಕೋಶದ ಒಳಪದರ ಹೊರಗೂ ಬೆಳೆದಿದೆ, ಅಂಡಾಶಯದಲ್ಲಿ ಗಡ್ಡೆಯಿದೆ, ಆಪರೇಷನ್ ಆಗಬೇಕು ಎಂದರು ಡಾಕ್ಟರು.

"ಮಗು?" ಪ್ರತಿಭಾ ಕೇಳಿದಳು.

"ಕಷ್ಟ ಇದೆ. ಆಗೋದೇ ಇಲ್ಲ ಅನ್ನಲ್ಲ. ಮೊದಲು ನಿನ್ನ ನೋವು ನೋಡೋಣಮ್ಮ."

ಆಗ... ಆಗ ಸಿದ್ದೇಶ್ವರ ಅವಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡ! ಆಸ್ಪತ್ರೆಯ ಮಹಡಿಗಳಿಂದ ನರ್ಸುಗಳು ಹೂವು ಸುರಿದರು! ಹಾಸನದ ಬಸ್‌ಸ್ಟ್ಯಾಂಡಿನ ಅಷ್ಟೂ ಬಸ್ಸುಗಳು ಒಟ್ಟಿಗೆ ಹಾರನ್ ಹೊಡೆದವು! ಅವಳು ಅವನ ಕೊರಳಿಗೆ ಜೋತುಬಿದ್ದು...

"ಯಾರ್ ಎತ್ಕಂಡಿದ್ದು? ಯಾವ್ ಹೂವ?"

ಇದು ಪ್ರತಿಭಾ ಕೇಳಿದ ಮಾತು. ನಾನು ಬರೆದದ್ದನ್ನು ಅವಳ ಮುಂದೆಯೇ ಓದಿದ್ದು ತಪ್ಪಾಯಿತು. "ನಮ್ ಕತೆ ಹೇಳೋದಾದ್ರೆ ಇದ್ದಂಗೆ ಹೇಳಿ. ಇಲ್ಲಾಂದ್ರೆ ಬ್ಯಾಡ."

ಸಿಕ್ಕಿಬಿದ್ದೆ. ಒಪ್ಪಿಕೊಳ್ಳುತ್ತೇನೆ. ಯಾರೂ ಯಾರನ್ನೂ ಎತ್ತಿಕೊಳ್ಳಲಿಲ್ಲ.

ಆಸ್ಪತ್ರೆಯ ಹೊರಗೆ ಸಿಮೆಂಟಿನ ಬೆಂಚು. ನಡುವೆ ಎರಡು ಲೋಟ ಟೀ, ಕೆನೆಗಟ್ಟಿತ್ತು. ಆಚೆಗೊಬ್ಬರು, ಈಚೆಗೊಬ್ಬರು ಕೂತಿದ್ದರು. ಪುಸ್ತಕ ಅವಳ ತೊಡೆಯ ಮೇಲಿತ್ತು.

"ತಪ್ಪು ಬರ್ದಿದೀರಿ," ಪುಟ ತಿರುವಿ ಅವಳು ಅಂದಳು. "ಮೇ ತಿಂಗ್ಳು ಎಂಟು ದಿನ ಅಲ್ಲ. ಒಂಬತ್ತು."

"ಎಣ್ಸಿದ್ನಲ್ಲೇ?"

"ಮೊದಲ್ನೇ ದಿನ ನಿಮ್ಗೆ ಹೇಳ್ಲಿಲ್ಲ ನಾನು. ಈ ಸಲ ನಿಂತದೆ ಅಂತ ಆಸೆ ಇಟ್ಕಂಡಿರ್ತೀರಿ... ಇನ್ನೊಂದ್ ದಿನ ಇಟ್ಕಳ್ಳಿ ಅಂತ."

ಅವನು ಅವಳ ಮುಖ ನೋಡಿದ.

"ಎಲ್ಲಾ ತಿಂಗ್ಳೂವಾ?"

"ಎಲ್ಲಾ ತಿಂಗ್ಳೂ."

"ನಾನು ಆ ಆಸೆ ಬಿಟ್ಟು ವರ್ಷ ಆಯ್ತು ಕಣೇ... ನಿನ್ ಮುಂದೆ ಹೇಳಕ್ಕೆ ಭಯ ಆಯ್ತಿತ್ತು. ನಂಗೆ ನೀನು ಎದ್ದು ಓಡಾಡ್ಕಂಡಿದ್ರೆ ಸಾಕಾಗಿತ್ತು."

ಮೊದಲು ಅತ್ತವನು ಅವನು. ಹಾಸನಕ್ಕೆ ಕೇಳುವಂತೆ ಅಲ್ಲ. ಅವಳಿಗೆ ಮಾತ್ರ ಕೇಳುವಷ್ಟು.

ಆಮೇಲೆ ಜೇಬಿನಿಂದ ಪೆನ್ನು ತೆಗೆದು ಅವಳ ಕೈಗಿಟ್ಟ.

"ತಿದ್ದು ಅಂಗಾದ್ರೆ. ಇನ್ಮೇಲೆ ನೀನೇ ಬರಿ. ನಂಗೆ ತೋರ್ಸು, ಅಷ್ಟೇ."

"ತೊಡೆ ಮ್ಯಾಲಿಟ್ಕಂಡು ಬರದ್ರೆ ಅಕ್ಷರ ಸೊಟ್ಟ ಆಯ್ತದೆ ರೀ."

"ಪುಸ್ತಕ ನಾನ್ ಹಿಡ್ಕತೀನಿ. ಬರಿ."

ಅವಳು ಮೊದಲ ತಿಂಗಳಿಂದ ತಿದ್ದುತ್ತಾ ಬಂದಳು.