ಮಣ್ಣಿನ ಮಾಳಿಗೆ ಹೊತ್ತ ಸಿಮೆಂಟು

"ಏ! ತೊಲಿಗೆ ಉಳಿ ಹಾಕಬ್ಯಾಡ್ರಿ! ಇಳೀರಿ ಕೆಳಗ!"

ಏಣಿಯ ಮೇಲಿದ್ದ ಮಹಾಂತೇಶ ತಿರುಗಿ ನೋಡಿದ. ಆ ಶಾಂತ ಕಣ್ಣು ಶೈಲಾಳಿಗೆ ಹಿಡಿಸಿಬಿಟ್ಟಿತು... ಅದಕ್ಕೇ ಸಿಟ್ಟು ಇನ್ನೂ ಏರಿತು.

ಇಳಕಲ್ಲಿನ ಆ ಹಳೇ ಓಣಿಯಲ್ಲಿ ಅವನು ಮನೆ ಕಟ್ಟುವ ಗೌಂಡಿ. ಹಾಳುಬಿದ್ದ ಮನೆ ಬಿಚ್ಚಿ ಕಟ್ಟಿಗೆ ಮಾರುವವನೂ ಹೌದು. ತನ್ನ ಅಜ್ಜನ ಮನೆಯ ರಿಪೇರಿ ಖರ್ಚು ಕೇಳಲು ಅವಳೇ ಕರೆಸಿದ್ದಳು.

"ತೊಲಿ ಹುಳಾ ಹಿಡದಾವ್ರಿ. ರಿಪೇರಿಗೆ ಆರು ಲಕ್ಷ. ಮಾಡಿದ ಮ್ಯಾಲೂ ಈ ಓಣ್ಯಾಗ ನಾಕು ಲಕ್ಷ ಯಾರೂ ಕೊಡಂಗಿಲ್ಲ. ಪಡಸಾಲಿ ಬಿಚ್ಚೋದ ಚಲೋ."

"ಬಿಚ್ಚಿ ನಿಮ್ಮ ಗಾಡಿಗೆ ಹೇರ್ಲೇನು? ಹದ್ದಿನಂಗ ಕಾಯಾಕತ್ತೀರಿ!"

ಅವನು ಉಳಿ ಚೀಲಕ್ಕೆ ಹಾಕಿ ಇಳಿದು ಹೋದ.

ಬ್ಯಾಂಕಿನವರೂ ಆ ಓಣಿಯ ಮನೆಗೆ ಸಾಲವಿಲ್ಲ ಎಂದರು. ಊರಾಚೆಯ ಬರೀ ಸೈಟಿಗೆ ಕೇಳಿದಷ್ಟು ಸಾಲ! ಮೂರು ತಲೆಮಾರು ನೆರಳು ಕೊಟ್ಟ ಗೋಡೆಗೆ ಕವಡೆ ಬೆಲೆಯಿಲ್ಲ. ಥೂ, ಎಂಥ ಲೆಕ್ಕವಿದು!

ಸೀರೆ ನೇಯ್ದು ಕೂಡಿಟ್ಟ ಎಪ್ಪತ್ತು ಸಾವಿರ ಕೊಟ್ಟು, ಬೇರೆ ಗೌಂಡಿಯಿಂದ ಮಣ್ಣಿನ ಮಾಳಿಗೆಯ ಮೇಲೆ ಸಿಮೆಂಟು ಹಾಕಿಸಿದಳು. 'ಇನ್ನ ಸೋರಂಗಿಲ್ಲ... ಬರ್ಲಿ ಆ ಹದ್ದು!'

ಎರಡನೇ ಮಳೆಗೇ ತೊಲೆ ಲಟಕ್ಕೆಂದಿತು.

ಅವಳ ಚೀರಾಟಕ್ಕೆ ಪಕ್ಕದ ಮನೆ ಬಿಚ್ಚುತ್ತಿದ್ದ ಮಹಾಂತೇಶ ಓಡಿ ಬಂದ. ಬಾಗಿದ ಮಾಳಿಗೆಗೆ ಬೊಂಬು ಆನಿಸಿ ನಿಲ್ಲಿಸಿದ. ತೊಲೆಗೆ ಬೆರಳಿಟ್ಟರೆ ಹಿಟ್ಟಿನಂತೆ ಉದುರಿತು.

"ಹುಳಾ ತಿಂದ ತೊಲಿ ಸಿಮೆಂಟಿನ ಭಾರ ಹೆಂಗ ಹೊರತಾವ್ರಿ?"

ಶೈಲಾ ಉದುರಿದ ಹುಡಿ ಕೈಗೆತ್ತಿಕೊಂಡು ಅತ್ತಳು. 'ನನ್ನ ಮನಿ ನಾನ ಕೊಂದೆ...'

"ಅಳಬ್ಯಾಡ್ರಿ. ಹಿಂದಿನ ಎರಡು ಖೋಲಿ, ನಿಮ್ಮ ಮಗ್ಗ ಉಳಸ್ತೇನಿ. ಪಡಸಾಲಿ ಕಂಬ ಗಟ್ಟಿ ಅದಾವ. ಅವು ಮಾರಿದ ರೊಕ್ಕದಾಗ ಖೋಲಿಗೆ ತಗಡಿನ ಪತ್ರಾಸ ಹೊದಸೂಣು."

"ಅದರಾಗ ನಿಮಗೇನ ಉಳೀತದ?"

"ಏನಿಲ್ಲ."

"ಮತ್ತ್ಯಾಕ?"

ಅವನು ತಲೆ ತಗ್ಗಿಸಿದ. "ಈ ಸಾಲಿನಾಗ ಬಾಗಲಾ ತೆರೆಯೋದು ನಿಮ್ಮದೊಂದ ಮನಿ. ಅದಕ್ಕೂ ಕೀಲಿ ಬಿದ್ರ... ನಾ ಯಾರನ್ನ ನೋಡ್ಕೋಂತ ಹಾದು ಹೋಗ್ಲಿ, ಶೈಲಾ?"

ಮೊದಲ ಸಲ ಹೆಸರು ಹಿಡಿದು ಕರೆದಿದ್ದ!

ಇಪ್ಪತ್ತು ದಿನದಲ್ಲಿ ಪಡಸಾಲೆ ಇದ್ದಲ್ಲಿ ಬರೀ ಆಕಾಶ. ಅಜ್ಜ ಕೂರುತ್ತಿದ್ದ ಜಾಗದಲ್ಲಿ ಮಳೆನೀರು ನಿಂತಿತ್ತು. ಶೈಲಾ ಅದನ್ನೇ ನೋಡುತ್ತಾ ಕೇಳಿದಳು.

"ನೀವು ಇರೋದೆಲ್ಲಿ?"

"ಹುನಗುಂದದಾಗ. ಬಾಡಗಿ ಖೋಲಿ."

"ಇಲ್ಲೊಂದು ಖೋಲಿ ಖಾಲಿ ಐತಿ..."

"ಈ ಓಣಿಗೆ ಬಾಡಗಿಗೆ ಯಾರ ಬರ್ತಾರ?"

"ಬಾಡಗಿಗಲ್ಲ." ಅವಳು ಅವನತ್ತ ತಿರುಗಿದಳು. "ನನ್ನ ಗಂಡಾಗಿ ಬರ್ರಿ."

"...ಪತ್ರಾಸಾದ್ರೂ ಸೋರತದ, ನೋಡ."

"ಸೋರ್ಲಿ. ಸೋರೋ ಕಡೆ ಇಬ್ಬರೂ ಕೂಡಿ ಬೋಗಾಣಿ ಇಡೂಣು."