ಒತ್ತಿನ ಉಸಿರು

ಶಿವನಂಜಯ್ಯನವರು ತೀರಿಕೊಂಡ ಸುದ್ದಿ ಆಸ್ಪತ್ರೆಗೆ ಬಂದ ಬೆಳಿಗ್ಗೆಯೂ ಆಯುಸ್ತುಲೆಯು ಅವರ ಹೆಸರಿನ ಮುಂದೆ ‘ಇನ್ನೂ ಕಾಯಬಲ್ಲರು’ ಎಂದು ತೋರಿಸುತ್ತಲೇ ಇತ್ತು.

ಆಯುಸ್ತುಲೆ ಎಂದರೆ ಆಯುಷ್ಯವನ್ನು ತೂಗುವ ಯಂತ್ರ. ಶ್ವಾಸಕೋಶ ನಾರುಗಟ್ಟುವ ರೋಗದಲ್ಲಿ ಎದೆಯೊಳಗಿನ ಮೆತ್ತನೆಯ ಅಂಗ ಒಣಗಿದ ಹೀರೆಕಾಯಿಯಂತೆ ಗಡುಸಾಗುತ್ತದೆ. ಸತ್ತವರ ಶ್ವಾಸಕೋಶವನ್ನು ಕಸಿ ಮಾಡುವುದೊಂದೇ ದಾರಿ. ಆದರೆ ಹಿಂದೆ ಕಸಿಯಾದ ಅನೇಕರು ಹೆಚ್ಚು ಕಾಲ ಬದುಕುತ್ತಿರಲಿಲ್ಲ. ಹಲವರು ಸರದಿ ಕಾಯುತ್ತಲೇ ಸಾಯುತ್ತಿದ್ದರು. ಕಸಿಯಿಲ್ಲದೆ ಎಷ್ಟು ದಿನ, ಕಸಿಯಾದರೆ ಎಷ್ಟು ವರ್ಷ ಎಂದು ತೂಗಿ ಸರದಿ ಹೇಳುವ ಈ ಯಂತ್ರವನ್ನು ಡಾಕ್ಟರ್ ಇಂದುಧರ ಕಟ್ಟಿದ ಮೇಲೆ ಬದುಕಿ ಮನೆಗೆ ಹೋದವರು ಹೆಚ್ಚಾದರು. ರೋಗಿ ಮನೆಯಲ್ಲೇ ದಿನವೂ ಒಂದು ಕೊಳವೆಯನ್ನು ಊದಬೇಕು; ಆ ಉಸಿರಿನ ಸದ್ದೂ ಅಳತೆಯೂ ಯಂತ್ರಕ್ಕೆ ತಲುಪುತ್ತವೆ. ಉಸಿರು ಉದ್ದವಿದ್ದಷ್ಟೂ ಅವನ ಸರದಿ ಹಿಂದಕ್ಕೆ.

ತಿಥಿಯ ಕಾರ್ಯ ಮುಗಿಸಿ, ಶಿವನಂಜಯ್ಯನವರ ಹೆಂಡತಿ ದೇವೀರಮ್ಮ ಆ ಕೊಳವೆಯನ್ನು ಹಿಂದಿರುಗಿಸಲು ತಲಕಾಡಿನಿಂದ ಬಂದರು. ಅದನ್ನು ಇಂದುಧರರ ಮೇಜಿನ ಮೇಲಿಟ್ಟು, ನಿಂತೇ ಕೇಳಿದರು.

“ಎರಡ್ ಸಲ ಶ್ವಾಸಕೋಶ ಬಂತು, ಎರಡ್ ಸಲಾನೂ ಬೇರೇರ್ಗೆ ಕೊಟ್ರಿ. ನಿಮ್ ತಕ್ಕಡಿಗೆ ನಮ್ಮೆಜಮಾನ್ರು ಏನ್ ದ್ರೋಹ ಮಾಡಿದ್ರು ಸಾರ್?”

“ಅಮ್ಮಾ, ಅವರ ಉಸಿರು ಕೊನೇತನಕ ಚೆನ್ನಾಗೇ ಇತ್ತಮ್ಮ. ಯಂತ್ರ ಸುಳ್ಳು ಹೇಳಲ್ಲ.”

“ನಡುಮನೆಯಿಂದ ಹಿತ್ಲಿಗೆ ಹೋಗಕ್ಕೆ ಗೋಡೆ ತಬ್ಕೊತಿದ್ರು. ಚೆನ್ನಾಗಿತ್ತಂತೆ!”

ಇಂದುಧರ ಶಿವನಂಜಯ್ಯನವರ ಉಸಿರಿನ ಧ್ವನಿಮುದ್ರಣವನ್ನು ಹಾಕಿದರು. ಎಲ್ಲಿಯೂ ತುಂಡಾಗದ ಒಂದೇ ಸದ್ದು. ದೇವೀರಮ್ಮ ಸೆರಗನ್ನು ಬಾಯಿಗೆ ಒತ್ತಿಕೊಂಡರು.

“ಅಯ್ಯೋ ನನ್ನಪ್ಪಾ. ಇದು ಉಸ್ರಲ್ಲ ಸಾರ್. ಒತ್ತು.”

“ಅಂದ್ರೆ?”

“ಓಲಗದೋರ ಹಿಂದೆ ನಿಂತ್ಕೊಂಡು ಒಂದೇ ಸ್ವರ ಹಿಡಿಯಲ್ವಾ, ಅದು. ಜೀವಮಾನ ಎಲ್ಲ ಅದ್ನೇ ಊದಿದ್ರು. ಕೆನ್ನೇಲಿ ಗಾಳಿ ತುಂಬ್ಕೊಂಡು ಅದ್ನ ಬಿಡೋದು, ಬಿಡ್ತಾ ಬಿಡ್ತಾನೇ ಮೂಗ್ನಲ್ಲಿ ಎಳ್ಕೊಳೋದು.”

ಇಂದುಧರ ಮೇಜಿನ ಮೇಲಿದ್ದ ಕೊಳವೆಯನ್ನು ಕೈಗೆತ್ತಿಕೊಂಡರು. ಮೂಗಿಗೆ ಹಾಕುವ ಕ್ಲಿಪ್ಪು ಏದುಸಿರಿನ ರೋಗಿಗಳಿಗೆ ಹಿಂಸೆಯೆಂದು ಕನಿಕರಪಟ್ಟು ಅದನ್ನು ತೆಗೆಸಿದವರು ಅವರೇ. ಯಂತ್ರವು ಕೆನ್ನೆಯ ಗಾಳಿಯನ್ನೂ ಮೂಗಿನ ಗಾಳಿಯನ್ನೂ ಎದೆಯಿಂದ ಬಂದ ಒಂದೇ ಉಸಿರೆಂದು ಲೆಕ್ಕ ಹಿಡಿದಿತ್ತು.

“ಆದಷ್ಟು ಹೊತ್ತು ನಿಲ್ಲಿಸ್ದೆ ಊದಿ ಅಂದೋರು ನೀವೇ. ಒತ್ತಿನೋನ್ಗೆ ಹಂಗನ್ನಬೋದಾ? ‘ಯಾರ್ ಮದ್ವೆ ಅಂತ ಹಿಂಗೂದ್ತೀರಿ’ ಅಂತ ನಾನೇ ರೇಗುಸ್ತಿದ್ದೆ. ‘ಶ್ರುತಿ ಮುರೀಬಾರ್ದು ಕಣೇ’ ಅನ್ನೋರು. ಕಮ್ಮಿ ಊದಿದ್ರೆ ಬೇಗ ಸಿಕ್ತದೆ ಅಂತ ಒಂದ್ ಮಾತು ಯಾಕ್ ಹೇಳ್ಲಿಲ್ಲ?”

“ಹೇಳಿದ್ರೆ ಜನ ಬೇಕಂತಲೇ ಕಡಿಮೆ ಊದ್ತಾರೆ ಅನ್ನೋ ಭಯ ಇತ್ತಮ್ಮ.”

“ಸುಳ್ಳುಗಾರ್ರಿಗೆ ಹೆದರ್ಕೊಂಡು ನಿಯತ್ತಿನೋನ್ನ ಕಳ್ದಿರಿ.”

ಮರುದಿನದಿಂದ ಎಲ್ಲ ಕೊಳವೆಗಳ ಜೊತೆಗೂ ಮೂಗಿನ ಕ್ಲಿಪ್ಪನ್ನು ಕಳುಹಿಸಲಾಯಿತು. ಇನ್ನು ಯಾವ ಊದುವವನೂ ತನ್ನ ವಿದ್ಯೆಯಿಂದ ಸಾಯುವುದಿಲ್ಲ.

ಊರಿಗೆ ಮರಳಿದ ದೇವೀರಮ್ಮ ವೈದ್ಯನಾಥೇಶ್ವರನ ಗುಡಿಗೆ ಹೋದರು. ಶಿವನಂಜಯ್ಯನವರು ಕಾಯಿಲೆ ಬೀಳುವ ತನಕ ಒತ್ತು ಹಿಡಿದು ನಿಲ್ಲುತ್ತಿದ್ದ ಕಂಬದ ಬಳಿ ಈಗ ಯಾರೂ ಇರಲಿಲ್ಲ. ಗಂಡ ಗುಣವಾಗಲೆಂದು ಹೊತ್ತಿದ್ದ ಹರಕೆಯ ಮಾತು ಎತ್ತಬೇಕೆಂದು ಬಂದವರಿಗೆ ಅದು ಬಾಯಿಗೆ ಬರಲಿಲ್ಲ. ಕೈ ಮಾತ್ರ ತಾನಾಗಿ ಮುಗಿಯಿತು.

“ವೈದ್ಯರಿಗೆಲ್ಲ ಒಡೆಯ ಅಂತಾರೆ ನಿನ್ನ. ನೀನೂ ಅವರ ಒತ್ತು ಕೇಳ್ತಾ ಮೈಮರೆತೆಯಾ, ತಂದೇ? ಹೋಗ್ಲಿ. ಈಗ ನಿನ್ ಪಾದಕ್ಕೆ ಬಂದವ್ರೆ. ಅಲ್ಲೂ ಊದು ಅನ್ಬೇಡ. ಸುಮ್ನೆ ಉಸ್ರಾಡ್ಕೊಂಡಿರ್ಲಿ.”