ಸಾಲಗುಂದದ ಮಜ್ಜಿಗೆ ಪ್ರಕರಣ

೧೯೮೯ರ ಆಗಸ್ಟ್ ೧೭, ಗುರುವಾರ ಸಂಜೆ ಐದರ ಸುಮಾರಿಗೆ ಮಸ್ಕಿಯ ಸೂಗಮ್ಮ ಸಿಂಧನೂರು ಠಾಣೆಗೆ ಬಂದಳು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಸಾಲಗುಂದಕ್ಕೆ ಕೊಟ್ಟ ಮಗಳು ಕನಕಮ್ಮನನ್ನು ಅತ್ತೆ ಅಂಬಮ್ಮ ಮಜ್ಜಿಗೆಯಲ್ಲಿ ವಿಷವಿಕ್ಕಿ ಕೊಂದಳು, ಎರಡು ಗುಟುಕು ಕುಡಿದವಳು ತನ್ನ ಕಣ್ಣೆದುರಿಗೇ ಉಸಿರುಗಟ್ಟಿ ಸತ್ತಳು ಎಂದು ಹೇಳಿ ದೂರಿಗೆ ಹೆಬ್ಬೆಟ್ಟು ಒತ್ತಿದಳು.

ಇನ್ಸ್‌ಪೆಕ್ಟರ್ ಆದೆಪ್ಪ ಎಫ್‌ಐಆರ್ ದಾಖಲಿಸಿದರು. ಮದುವೆಯಾಗಿ ಎರಡೇ ವರ್ಷವಾದ್ದರಿಂದ ಕಾನೂನಿನಂತೆ ಮರುದಿನ ತಹಶೀಲ್ದಾರರೇ ಬಂದು ಶವದ ಪಂಚನಾಮೆ ಮಾಡಿದರು. ತುಟಿ, ಕಣ್ಣುರೆಪ್ಪೆ ಬಾತಿದ್ದವು. ಕುತ್ತಿಗೆಯ ಸುತ್ತ ಕೆಂಪು ದದ್ದುಗಳಿದ್ದವು. ಮಜ್ಜಿಗೆ ಕುಡಿದ ಲೋಟವನ್ನು ಮಾತ್ರ ಯಾರೋ ಪುಣ್ಯಾತ್ಮರು ತಿಕ್ಕಿ ತೊಳೆದು ಬೋರಲು ಹಾಕಿದ್ದರು. ಆದೆಪ್ಪನವರಿಗೆ ಅಲ್ಲಿಂದಲೇ ತಲೆ ಕೆಟ್ಟಿತು.

ಅಂಬಮ್ಮನನ್ನು ಹೆಣ್ಣು ಪೇದೆಯ ಕಾವಲಿನಲ್ಲಿ ಠಾಣೆಗೆ ಕರೆತಂದರು.

"ಮಜ್ಜಿಗ್ಯಾಗ ಏನ್ ಹಾಕಿದ್ದಿ?"

"ಉಪ್ಪು, ಜೀರಗಿ ರೀ. ಅದೇ ಗಡಿಗ್ಯಾಗಿಂದು ನನ್ನ ಮಗ ಬಾಲಪ್ಪನೂ ಕುಡದಾನ."

"ಆ ಹೊತ್ತಿನ್ಯಾಗ ಆಕಿಗೆ ಯಾಕ ಕೊಟ್ಟಿ?"

"ಸೂಜಿ ಮಾಡಿಸ್ಕೊಂಡು ಆಗಷ್ಟ ಬಂದಿದ್ಲು ರೀ. ಸೂಜಿ ಅಂದ್ರ ಉಷ್ಣ. ಹೊಟ್ಟಿ ತಂಪಿರ್ಲಿ ಅಂತ ಕೊಟ್ಟೆ."

ಸೂಜಿಯ ಸುದ್ದಿ ದೂರಿನಲ್ಲಿರಲಿಲ್ಲ. ನಾಟಿ ಗದ್ದೆಯಲ್ಲಿ ಜಾಲಿಮುಳ್ಳು ಮುರಿದು ಕನಕಮ್ಮನ ಕಾಲು ಕೀವಾಗಿತ್ತು. ನೋಡಲು ಬಂದಿದ್ದ ತಾಯಿಯೇ ಅವಳನ್ನು ಮೂರನೇ ಮನೆಯ ಗೋಪಣ್ಣನ ಬಳಿ ಕರೆದೊಯ್ದಿದ್ದಳು. ಗೋಪಣ್ಣ ಹಿಂದೆ ರಾಯಚೂರಿನಲ್ಲಿ ಕಂಪೌಂಡರ್ ಆಗಿದ್ದವನು, ಸಾಲಗುಂದದಲ್ಲಿ ಈಗ ಅವನೇ ಡಾಕ್ಟರ್.

ಶವಪರೀಕ್ಷೆ ಮುಗಿಸಿ ಬಂದ ವೈದ್ಯರು ಕೈ ಒರೆಸಿಕೊಳ್ಳುತ್ತ ಹೇಳಿದರು: "ವಿಷದ ಗುರುತು ಕಾಣುತ್ತಿಲ್ಲ. ಗಂಟಲು ಒಳಗಿಂದ ಬಾತು ಉಸಿರು ಕಟ್ಟಿದೆ. ಕೊಟ್ಟದ್ದು ಪೆನಿಸಿಲಿನ್ ಆಗಿದ್ದರೆ ಅದರ ಅಲರ್ಜಿ ಇರಬಹುದು. ಕೆಲವರ ಮೈಗೆ ಆ ಔಷಧ ಆಗಿಬರುವುದಿಲ್ಲ, ನಿಮಿಷಗಳಲ್ಲಿ ಹೀಗಾಗುತ್ತದೆ. ಕೂಡಲೇ ಅಡ್ರಿನಲಿನ್ ಚುಚ್ಚಿದರೆ ಎಷ್ಟೋ ಸಲ ಜೀವ ಉಳಿಯುತ್ತದೆ."

"ಮೊದಲೇ ತಿಳಿಯುವುದು ಹೇಗೆ?"

"ಮುಂಗೈ ಚರ್ಮದೊಳಗೆ ಒಂದು ಹನಿ ಬಿಟ್ಟು ಸ್ವಲ್ಪ ಹೊತ್ತು ಕಾಯಬೇಕು. ದದ್ದು ಎದ್ದರೆ ಆ ಸೂಜಿ ಕೊಡಬಾರದು. ಆತ ಪರೀಕ್ಷೆ ಮಾಡಿದ್ದನೇ ಕೇಳಿ. ಮಾಡಿ, ಏನೂ ಏಳದಿದ್ದರೆ ನಾನೂ ಖಚಿತವಾಗಿ ಹೇಳಲಾರೆ. ಪ್ರಯೋಗಾಲಯದ ವರದಿ ಬರುವವರೆಗೆ ಕಾಯಬೇಕು."

ವರದಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ. ಅಷ್ಟರೊಳಗೆ ಅಂಬಮ್ಮನ ಗತಿ? ಅವಳ ಮನೆಗೆ ಆಗಲೇ ಕಲ್ಲು ಬಿದ್ದಿದ್ದವು. ಮೇಲಿನವರು ಫೋನಿನಲ್ಲಿ, "ಮುದುಕಿಯನ್ನು ಇನ್ನೂ ಯಾಕೆ ಅರೆಸ್ಟ್ ಮಾಡಿಲ್ಲ?" ಎಂದು ಗುಡುಗಿದ್ದರು. ಆದೆಪ್ಪ ಪೇದೆ ಮೌಲಾಹುಸೇನನನ್ನು ಕರೆದುಕೊಂಡು ಸಾಲಗುಂದಕ್ಕೆ ಹೋದರೆ ಗೋಪಣ್ಣನ ಬಾಗಿಲಿಗೆ ಬೀಗ. "ಮುದಗಲ್ಲಿಗೆ ಹೋಗ್ಯಾನಂತ" ಎಂದರು ನೆರೆಯವರು. ಪರೀಕ್ಷೆಯ ಮಾತೆತ್ತಿದರೆ ಓಣಿಗೆ ಓಣಿಯೇ ಒಂದೇ ರಾಗ ಹಾಡಿತು: "ಮಾಡ್ಯಾನ್ರೀ, ಏನೂ ಏಳಲಿಲ್ಲ." ಕನಕಮ್ಮನ ಗಂಡ ಬಾಲಪ್ಪನೂ ಅದನ್ನೇ ಹೇಳಿದ. ಠಾಣೆಗೆ ಮರಳಿ ಕೇಳಿದರೆ, ತನ್ನ ಕುತ್ತಿಗೆಗೆ ಬರುತ್ತದೆಂಬ ಅರಿವೂ ಇಲ್ಲದೆ ಅಂಬಮ್ಮ ಕೂಡ, "ಮಾಡ್ಯಾನಂತ್ರೀ" ಎಂದಳು. ಸುಳ್ಳು ಹೇಳುವವರ ಬಾಯಿ ಆದೆಪ್ಪ ಬಿಡಿಸಿದ್ದುಂಟು. ಇವರೆಲ್ಲ ನಿಜ ಹೇಳುತ್ತಿದ್ದಂತೆಯೇ ಕಾಣುತ್ತಿತ್ತು, ಅದಕ್ಕೇ ಅವರಿಗೆ ಮೈಯೆಲ್ಲ ಉರಿಯಿತು.

ಶನಿವಾರ ಬೆಳಿಗ್ಗೆ ಸೂಗಮ್ಮನನ್ನು ಮತ್ತೆ ಕರೆಸಿದರು.

"ಸೂಜಿ ಮಾಡಿಸಿದ್ದು ನೀ ಯಾಕ ಹೇಳಲಿಲ್ಲ?"

"ಅದನ್ನ ಪರೀಕ್ಷಾ ಮಾಡೇ ಕೊಟ್ಟಾನಲ್ರೀ. ಅದ್ರಾಗ ಏನ್ ದೋಷ?"

"ನೀ ಕಣ್ಣಿಲೆ ನೋಡಿದೇನು?"

"ನೋಡೂದೇನ್ರೀ, ಚಹಾ ಕುಡಿಯೋ ಹೊತ್ತು ಅಲ್ಲೇ ಕುಂತಿದ್ದೆ. ಒಂದು ಗುಳ್ಳಿ ಏಳಲಿಲ್ಲ."

"ಯಾವ ಕೈಗೆ ಹಾಕಿದ್ದ?"

ಸೂಗಮ್ಮ ತನ್ನ ಎಡಗೈ ಚಾಚಿದಳು. ಮುಂಗೈಯಲ್ಲಿ ಸೂಜಿಯ ಚುಕ್ಕೆ, ಅದರ ಸುತ್ತ ಮಾಸಿದ ನೀಲಿ ಪೆನ್ನಿನ ಗೆರೆ.

ಆದೆಪ್ಪ ಕೈಯನ್ನೂ ಮುಖವನ್ನೂ ನೋಡಿದರು. "ಇದು ನಿನ್ನ ಕೈ."

"ಹೂಂ ರೀ. ಎರಡೆರಡು ಸಲ ಚುಚ್ಚಿಸ್ಕೊಳ್ಳಾಂಗಿಲ್ಲ ಅಂತ ಆಕಿ ಅಳಾಕತ್ತಿದ್ಲು. ನಾ ಹಡದ ಕೂಸು, ನನ್ನ ರಕ್ತನ ಐತಿ, ನನಗ ಹಾಕಿ ನೋಡಪ ಅಂದೆ. ಗೋಪಣ್ಣ ಆತು ಅಂದ."

"ಎಮ್ಮಿಗೆ ಜ್ವರ ಬಂದ್ರ ಎತ್ತಿಗೆ ಬರಿ ಹಾಕಿದ್ರಂತ," ಎಂದು ಮೌಲಾಹುಸೇನ ಗೊಣಗಿದ. ಆದೆಪ್ಪ ಅವನತ್ತ ಕಣ್ಣು ಬಿಟ್ಟು, ಸೂಗಮ್ಮನ ಕಡೆ ತಿರುಗಿದರು.

"ಆಕಿಗೆ ಹಿಂದ ಯಾವಾಗರೆ ಸೂಜಿ ಮಾಡಿಸಿದ್ರೇನು?"

"ಮದಿವಿಗೆ ಮುಂಚೆ ಒಮ್ಮೆ. ಮೈಯೆಲ್ಲ ಪಿತ್ತದ ಗಂಧಿ ಎದ್ದಿದ್ವು. ಕಂಬಳಿಲೆ ತಿಕ್ಕಿದ್ವಿ, ಇಳದ್ವು."

ಇವಳಿಗೆ ಹೇಗೆ ಹೇಳುವುದು? ಆದೆಪ್ಪನವರ ಸಿಟ್ಟು ಎಲ್ಲೋ ಹೋಯಿತು. ತಾಯಿಗೆ ಆಗಿಬಂದದ್ದು ಮಗಳಿಗೆ ಆಗಿಬರಬೇಕೆಂದಿಲ್ಲ, ಒಬ್ಬೊಬ್ಬರ ಮೈ ಒಂದೊಂದು ಥರ ಎಂದು ಬಿಡಿಸಿ ಹೇಳಿದರು.

"ನಾನ ಹಡದ ಮೈ ಅದು. ಬ್ಯಾರೆ ಹ್ಯಾಂಗ ಆಗ್ತೈತಿ ರೀ?" ಎಂದು ಸೂಗಮ್ಮ ಕೇಳಿದಳು. ಆಮೇಲೆ ಸೆರಗಿನಿಂದ ಆ ನೀಲಿ ಗೆರೆಯನ್ನು ಒರೆಸತೊಡಗಿದಳು.

ಅಂದೇ ಮಧ್ಯಾಹ್ನ ಲಿಂಗಸುಗೂರು ಬಸ್ ನಿಲ್ದಾಣದಲ್ಲಿ, ಮುದಗಲ್ ಬಸ್ಸಿನಿಂದ ಇಳಿಯುತ್ತಿದ್ದ ಗೋಪಣ್ಣನನ್ನು ಬಂಧಿಸಿದರು. ಪಂಚರ ಎದುರು ಚೀಲ ಬಿಚ್ಚಿದಾಗ ಗಾಜಿನ ಸಿರಿಂಜು, ಪೆನಿಸಿಲಿನ್ ಸೀಸೆಗಳ ಜೊತೆಗೆ ಇನ್ನೂ ಕತ್ತು ಮುರಿಯದ ಒಂದು ಅಡ್ರಿನಲಿನ್ ಆಂಪೂಲು, ಔಷಧ ತುಂಬಿದ ಪುಟ್ಟ ಗಾಜಿನ ಕೊಳವೆ, ಸಿಕ್ಕಿತು.

"ಆಕಿಗೇ ಯಾಕ ಪರೀಕ್ಷಾ ಮಾಡಲಿಲ್ಲ?"

"ಹಟ ಹಿಡದ್ರ ಎದ್ದು ಬ್ಯಾರೆ ಕಡೆ ಹೋಗ್ತಾರ್ರೀ. ಇವಗ ಸೂಜಿ ಮಾಡೋ ಧೈರ್ಯ ಇಲ್ಲ ಅಂತ ಊರೆಲ್ಲ ಸಾರತಾರ."

"ಆಕಿ ಒದ್ದಾಡಿದ್ದು ಗೊತ್ತಾತೇನು?"

"ಕೇಳ್ತು ರೀ. ಮೂರನೇ ಮನಿ."

"ಇದು ನಿನ್ನ ಚೀಲದಾಗ ಇತ್ತು."

ಗೋಪಣ್ಣ ಆಂಪೂಲಿನ ಕಡೆ ನೋಡಲಿಲ್ಲ. "ಕೈಯಾಗ ಹಿಡ್ಕೊಂಡು ಬಾಗಿಲ ತನ ಬಂದಿದ್ದೆ. ಅಷ್ಟರಾಗ ಮಂದಿ ವಿಷ, ಮಜ್ಜಿಗಿ ಅಂತ ಒದರಾಕತ್ತಿದ್ರು. ನಾ ಹೋಗಿ ಇದನ್ನ ಹಾಕಿದ್ರ ನನ್ನ ಸೂಜಿಯಿಂದನ ಆತಂತ ಒಪ್ಪಿಕೊಂಡಂಗ ಆಗ್ತಿತ್ತು. ಅಂಜಿದೆ ರೀ."

ಮೌಲಾಹುಸೇನ ಹೇಳಿಕೆ ಬರೆದುಕೊಂಡ. ಕೊಲೆಯ ಕಲಂ ತೆಗೆದು, ನಿರ್ಲಕ್ಷ್ಯದಿಂದಾದ ಸಾವಿನ ಕಲಂ ೩೦೪(ಎ) ಹಾಕಬೇಕಾಯಿತು. ಅದಕ್ಕೆ ಹೆಚ್ಚೆಂದರೆ ಎರಡು ವರ್ಷ ಸಜೆ ಎಂಬುದು ಆದೆಪ್ಪನವರಿಗೆ ಗೊತ್ತಿತ್ತು. ಅವರು ಪೆನ್ನನ್ನು ಮೇಜಿನ ಮೇಲೆ ಕುಕ್ಕಿದರು.

ಸಂಜೆ ಅಂಬಮ್ಮನನ್ನು ಬಿಟ್ಟರು. ಅವಳು ಮೆಟ್ಟಿಲು ಇಳಿಯದೆ ನಿಂತಳು. "ಸಾಹೇಬ್ರ, ಮಜ್ಜಿಗ್ಯಾಗ ಏನೂ ಇರಲಿಲ್ಲ ಅಂತ ಊರಾಗ ಬಂದು ಒಂದು ಮಾತು ಹೇಳ್ತೀರೇನು? ನಾ ಹೇಳಿದ್ರ ಯಾರು ನಂಬ್ತಾರ?"

ಆದೆಪ್ಪ ಬಾಯಿ ತೆರೆಯುವ ಮೊದಲೇ ವರಾಂಡದ ಕಂಬಕ್ಕೆ ಒರಗಿ ಕೂತಿದ್ದ ಸೂಗಮ್ಮ ಎದ್ದಳು. ಒರೆಸಿ ಒರೆಸಿ ಅವಳ ಮುಂಗೈ ಕೆಂಪಾಗಿತ್ತು.

"ಅವರ್ಯಾಕ ಬೇಕು ಬೀಗ್ತಿ, ನಡಿ," ಎಂದಳು. "ನಾನ ಹೇಳ್ತೀನಿ."